ಓದುಗರ ಪ್ರಶ್ನೆ: ಬಳಸಿದ ಅಲಾಯ್ ವೀಲ್‌ಗಳನ್ನು ಮಾರುವಾಗ

ಪ್ರಶ್ನೆ: ನನ್ನಲ್ಲಿ 2018ರ ಸ್ವಿಫ್ಟ್ ಕಾರು ಇದೆ. ಅದರೊಂದಿಗೆ ಬಂದದ್ದು 14 ಇಂಚಿನ ಸ್ಟೀಲ್ ಡಿಸ್ಕ್‌ಗಳು. 2021ರ ಅಕ್ಟೋಬರ್‌ನಲ್ಲಿ 16 ಇಂಚಿನ ನಾಲ್ಕು ಅಲಾಯ್ ವೀಲ್‌ಗಳನ್ನು 28,000 ರೂಪಾಯಿಗೂ ಅವಕ್ಕೆ 195/55 ಆರ್16 ಅಳತೆಯ ಹೊಸ ಟೈರ್‌ಗಳನ್ನು 24,000 ರೂಪಾಯಿಗೂ ಕೊಂಡು ಹಾಕಿಸಿದೆ. ನಾಲ್ಕು ವರ್ಷದಲ್ಲಿ 34,000 ಕಿ.ಮೀ. ಓಡಿವೆ. ಈಗ ಕಾರನ್ನು ಎಕ್ಸ್‌ಚೇಂಜ್‌ಗೆ ಕೊಡುತ್ತಿದ್ದು, ಅಲಾಯ್ ಇದೆಯೆಂದು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡುವುದಿಲ್ಲ ಎಂದು ಅವರು ಹೇಳಿದ್ದಾರೆ. ಹಳೆಯ ಡಿಸ್ಕ್‌ಗಳು ಮಹಡಿಯ ಮೇಲೆ ಟಾರ್ಪಾಲಿನಡಿ ಇವೆ. ಅಲಾಯ್‌ಗಳನ್ನು ಪ್ರತ್ಯೇಕವಾಗಿ 35,000ಕ್ಕೆ ಮಾರಬಹುದೇ? ಒಂದು ವೀಲ್ ಶ್ರೀರಂಗಪಟ್ಟಣದ ಬಳಿ ಗುಂಡಿಗೆ ಇಳಿದು ಬೆಂಡಾಗಿತ್ತು, ಸರಿ ಮಾಡಿಸಿದ್ದೇನೆ. ಈಗ ನೋಡಿದರೆ ಗೊತ್ತಾಗುವುದಿಲ್ಲ. ಅದನ್ನು ಹೇಳಲೇಬೇಕೇ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಪ್ರತ್ಯೇಕವಾಗಿ ಮಾರುವುದೇ ಸರಿ, ಆದರೆ 35,000 ಬರುವುದಿಲ್ಲ. ನಮ್ಮ ಲೆಕ್ಕದಲ್ಲಿ ತಮ್ಮ ಸೆಟ್‌ಗೆ ಸುಮಾರು 15,000 ರೂಪಾಯಿ ನ್ಯಾಯವಾದ ಬೆಲೆ. ಆ ಮೊತ್ತಕ್ಕೆ ಹೇಗೆ ಬಂದೆವೆಂಬುದನ್ನು ವಿವರಿಸುತ್ತೇವೆ; ಅಂಕಿಗಳನ್ನು ತಾವು ಟೈರ್ ಅಂಗಡಿಯಲ್ಲಿ ಅಳೆಸಿ ತಿದ್ದಿಕೊಳ್ಳಬಹುದು.

ಮೊದಲು ವೀಲ್ ಮತ್ತು ಟೈರ್‌ಗಳನ್ನು ಮನಸ್ಸಿನಲ್ಲಿಯಾದರೂ ಬೇರೆ ಬೇರೆ ಮಾಡಿಕೊಳ್ಳಿ, ಏಕೆಂದರೆ ಎರಡರ ಬೆಲೆಯೂ ಬೇರೆ ಬೇರೆ ರೀತಿಯಲ್ಲಿ ಇಳಿಯುತ್ತದೆ. ಹೊಸ ಟೈರ್‌ನ ಗ್ರಿಪ್ ಸಾಮಾನ್ಯವಾಗಿ 8 ಮಿ.ಮೀ. ಆಳವಿರುತ್ತದೆ ಎಂದಿಟ್ಟುಕೊಂಡರೆ, 1.6 ಮಿ.ಮೀ.ಗೆ ಇಳಿದಾಗ ಅದರ ಆಯುಸ್ಸು ಮುಗಿಯಿತು; ಗ್ರಿಪ್‌ನ ತೋಡುಗಳ ನಡುವೆ ಅಡ್ಡಲಾಗಿರುವ ಸಣ್ಣ ರಬ್ಬರ್ ದಿಂಡುಗಳು ಆ ಮಟ್ಟವನ್ನು ತೋರಿಸುವುದಕ್ಕೆಂದೇ ಇರುವಂಥವು. ಅಂದರೆ ಬಳಸಲು ಸಿಗುವುದು 6.4 ಮಿ.ಮೀ. ಮಾತ್ರ. ತಮ್ಮ ಟೈರ್‌ಗಳಲ್ಲಿ 3.2 ಮಿ.ಮೀ. ಉಳಿದಿದ್ದರೆ, ಅದರಲ್ಲಿ ಉಪಯೋಗಕ್ಕೆ ಬರುವುದು 1.6 ಮಿ.ಮೀ., ಎಂದರೆ ಕಾಲು ಭಾಗ. 24,000ದ ಕಾಲು ಭಾಗ 6,000 ಆಯಿತು. ಟೈರ್‌ಗೆ ನಾಲ್ಕು ವರ್ಷ ವಯಸ್ಸಾಗಿರುವುದರಿಂದ ಕೊಳ್ಳುವವರು ಅದರಲ್ಲಿ ಅರ್ಧವನ್ನಾದರೂ ಕಡಿಯುತ್ತಾರೆ, ಕಡಿಯುವುದೂ ಸರಿಯೇ. ಉಳಿದದ್ದು 3,000.

ವಯಸ್ಸನ್ನು ತಾವು ಕೊಂಡ ದಿನದಿಂದ ಎಣಿಸಬೇಡಿ. ಟೈರ್‌ನ ಮಗ್ಗುಲಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ: 3121 ಎಂದಿದ್ದರೆ 2021ರ 31ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ವಿಕ್ರಾಂತ್ ಟೈರ್ಸ್ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಮೈಸೂರಿನ ಹಳಬರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಆದರೆ ಹೊಸದಾಗಿ ಕಾರು ಕೊಂಡವರಲ್ಲಿ ಅನೇಕರು ಆ ಅಂಕಿಯನ್ನು ಒಮ್ಮೆಯೂ ಬಗ್ಗಿ ನೋಡಿರುವುದಿಲ್ಲ. ನಾಲ್ಕೂ ಟೈರ್‌ಗಳ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ನಡುವೆ ಒಂದು ಟೈರ್ ಬದಲಾಗಿದ್ದರೆ ಅದು ಅಲ್ಲಿಯೇ ಗೊತ್ತಾಗುತ್ತದೆ.

ಇನ್ನು ವೀಲ್‌ಗಳು. ಬಣ್ಣ ಹೋಗದ, ಅಂಚು ಫುಟ್‌ಪಾತಿಗೆ ತಿಕ್ಕದ, ಒಮ್ಮೆಯೂ ಬೆಂಡಾಗದ ಅಲಾಯ್‌ಗೆ ಕೊಂಡ ಬೆಲೆಯ ಅರ್ಧ ಸಿಕ್ಕರೆ ಅದು ಒಳ್ಳೆಯ ವ್ಯಾಪಾರ. ಒಂದಕ್ಕೆ 3,500ರಂತೆ ಮೂರಕ್ಕೆ 10,500. ನೇರ ಮಾಡಿಸಿದ ನಾಲ್ಕನೆಯದಕ್ಕೆ 1,500ಕ್ಕಿಂತ ಹೆಚ್ಚು ಹಾಕಲು ನಮಗೆ ಮನಸ್ಸಿಲ್ಲ. ಎಲ್ಲ ಸೇರಿ 15,000. ಚೌಕಾಸಿಗೆ ಜಾಗ ಬೇಕಾದ್ದರಿಂದ 17,000 ಎಂದು ಹೇಳಿ. 35,000 ಎಂದು ಹೇಳಿದರೆ ಬೆಲೆ ಇಳಿಸಿಕೊಂಡು ಕೊಳ್ಳಬಹುದಾಗಿದ್ದವರೂ ಫೋನು ಮಾಡುವುದಿಲ್ಲ.

ಬೆಂಡಾದ ವೀಲ್‌ನ ವಿಷಯವನ್ನು ಹೇಳಲೇಬೇಕು, ಅದೂ ಮೊದಲ ಮಾತಿನಲ್ಲಿಯೇ. ಮುಂದೆ ವಾಹನದ ವೇಗವನ್ನೂ ಭಾರವನ್ನೂ ತಾಳಬೇಕಾದ ಭಾಗ ಇದು. ಇದರಲ್ಲಿ ಮುಚ್ಚಿಡುವುದು ಸಣ್ಣ ತಪ್ಪಲ್ಲ. ಅಲಾಯ್ ವೀಲ್‌ನ ಗಟ್ಟಿತನ ಬರುವುದು ಅಲ್ಯೂಮಿನಿಯಂ ಮಿಶ್ರಲೋಹವನ್ನು ಎರಕ ಹೊಯ್ದ ಮೇಲೆ ಕಾರ್ಖಾನೆಯಲ್ಲಿ ಅದಕ್ಕೆ ಕೊಡುವ ನಿಯಂತ್ರಿತ ಶಾಖದಿಂದ. ಬೆಂಡ್ ತೆಗೆಯುವವರು ಗ್ಯಾಸ್ ಬೆಂಕಿ ಹಿಡಿದು ಬಡಿದಿದ್ದರೆ ಆ ಜಾಗದಲ್ಲಿ ಗಟ್ಟಿತನ ಕುಗ್ಗಿರುತ್ತದೆ, ಮೇಲೆ ಬಣ್ಣ ಬಳಿದ ಮೇಲೆ ಕಣ್ಣಿಗೆ ಏನೂ ಕಾಣುವುದಿಲ್ಲ. ಬಿರುಕನ್ನು ವೆಲ್ಡಿಂಗ್ ಮಾಡಿಸಿದ್ದರಂತೂ ಆ ವೀಲನ್ನು ಮಾರಲೇಬೇಡಿ. ಗುಜರಿಗೆ ಹಾಕಿ, ಮೂರನ್ನೇ ಮಾರಿ. ಮೂರು ವೀಲ್‌ಗಳನ್ನು ಕೊಳ್ಳುವವರೂ ಇರುತ್ತಾರೆ, ಏಕೆಂದರೆ ಅದೇ ವಿನ್ಯಾಸದ ಸೆಟ್‌ನಲ್ಲಿ ಒಂದನ್ನು ಕಳೆದುಕೊಂಡವರು ಎಲ್ಲಿಯಾದರೂ ಇದ್ದೇ ಇರುತ್ತಾರೆ.

ಪರೀಕ್ಷೆಯನ್ನು ಕೊಳ್ಳುವವರಿಗೆ ಬಿಡದೆ ತಾವೇ ಮಾಡಿಸಿ. ಹೆಬ್ಬಾಳದ ಕಡೆಯ ಟೈರ್ ಅಂಗಡಿಯೊಂದರಲ್ಲಿ ನಾವು ಕಂಡದ್ದನ್ನು ಹೇಳುತ್ತೇವೆ. ಕಾರೊಂದರ ಹಿಂದಿನ ವೀಲ್‌ನಲ್ಲಿ ವಾರಕ್ಕೊಮ್ಮೆ ಗಾಳಿ ಇಳಿಯುತ್ತಿತ್ತು, ಎರಡು ಬಾರಿ ಪಂಕ್ಚರ್ ಹುಡುಕಿಯೂ ಸಿಕ್ಕಿರಲಿಲ್ಲ. ಅಲ್ಲಿದ್ದ ಹುಡುಗ ಟೈರ್‌ನ ಗೋಜಿಗೆ ಹೋಗದೆ, ವೀಲನ್ನು ಬೋರಲು ಹಾಕಿ, ಒಳಬದಿಯ ಮಣ್ಣು ಒರೆಸಿ, ಸೋಪಿನ ನೀರಿನಲ್ಲಿ ಅದ್ದಿದ ಬ್ರಷ್ಷನ್ನು ಅಂಚಿನ ಸುತ್ತ ಒಮ್ಮೆ ಎಳೆದ. ಅರ್ಧ ನಿಮಿಷ ಏನೂ ಆಗಲಿಲ್ಲ. ಆಮೇಲೆ ಒಂದು ಕಡೆ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದು, ಕೂದಲೆಳೆಯಂಥ ಬಿರುಕಿನ ಉದ್ದಕ್ಕೂ ಸಾಲಾಗಿ ನಿಂತವು. ಹೊರಗಿನಿಂದ ಆ ವೀಲ್ ಹೊಸದರಂತೆ ಹೊಳೆಯುತ್ತಿತ್ತು. ಆದ್ದರಿಂದ ತಮ್ಮ ನಾಲ್ಕೂ ವೀಲ್‌ಗಳ ಒಳಬದಿಯನ್ನು ತೊಳೆಸಿ, ಸೋಪಿನ ನೀರು ಬಳಿಸಿ ನೋಡಿ. ಬಳಿಕ ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ತಿರುಗಿಸುವಾಗ ಅಂಚಿನ ಬಳಿ ಚಾಕ್‌ಪೀಸ್ ಹಿಡಿಯಲು ಹೇಳಿ. ಸುತ್ತಲೂ ಒಂದೇ ಸಮನೆ ಗೆರೆ ಬಿದ್ದರೆ ವೀಲ್ ನೇರವಾಗಿದೆ, ಒಂದೇ ಕಡೆ ಮಾತ್ರ ತಾಗಿದರೆ ಅಲ್ಲಿ ಬೆಂಡ್ ಇದೆ. ತಿರುಗುತ್ತಿರುವ ವೀಲ್‌ನ ಸಣ್ಣ ವೀಡಿಯೊ ಒಂದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರೆ, ಜಾಹೀರಾತಿನ ಹತ್ತು ಹೊಗಳಿಕೆಯ ಮಾತುಗಳಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ತಮ್ಮ ಪತ್ರದಲ್ಲಿ ಇಲ್ಲದ, ಆದರೆ ಬೆಲೆಗಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಈ ವೀಲ್‌ಗಳು ಯಾರ ಕಾರಿಗೆ ಕೂರುತ್ತವೆ? ಬೋಲ್ಟ್ ರಂಧ್ರಗಳ ಮಧ್ಯಬಿಂದುಗಳ ಮೂಲಕ ಹಾದುಹೋಗುವ ವೃತ್ತದ ವ್ಯಾಸವನ್ನು ಅಂಗಡಿಯವರು ಪಿಸಿಡಿ ಎನ್ನುತ್ತಾರೆ. ನಾಲ್ಕು ರಂಧ್ರಗಳಿದ್ದಲ್ಲಿ ಎದುರುಬದುರಿನ ಎರಡು ರಂಧ್ರಗಳ ಮಧ್ಯದಿಂದ ಮಧ್ಯಕ್ಕೆ ಅಳೆದರೆ ಸಾಕು. ಸ್ವಿಫ್ಟ್‌ಗೆ ಅದು 100 ಮಿ.ಮೀ. ಬಲೆನೊ, ಐ20, ಹೋಂಡಾ ಸಿಟಿಗಳಿಗೂ ಅಷ್ಟೇ. ಪೋಲೊ ಕಾರಿಗೂ 100 ಮಿ.ಮೀ. ಎಂದು ಕೇಳಿ ಯಾರಾದರೂ ಬಂದರೆ, ಅದಕ್ಕೆ ಐದು ಬೋಲ್ಟ್ ಎಂಬುದನ್ನು ಫೋನಿನಲ್ಲಿಯೇ ಹೇಳಿ ಅವರ ದಾರಿ ಖರ್ಚು ಉಳಿಸಿ. ತಮ್ಮ ವೀಲ್‌ನಲ್ಲಿ ಎಂಟು ರಂಧ್ರಗಳಿದ್ದರೆ ಅದು ಎರಡು ಪಿಸಿಡಿಗಳಿಗೆ ಹೊಂದುವಂಥದ್ದು; ಎರಡನ್ನೂ ಅಳೆದು ಬರೆಯಿರಿ.

ನಮ್ಮ ದೃಷ್ಟಿಯಲ್ಲಿ ತಮ್ಮ ಸೆಟ್‌ಗೆ ಅತ್ಯುತ್ತಮ ಗಿರಾಕಿ ಸ್ವಿಫ್ಟ್ ಇರುವವರಲ್ಲ, ಕೆಳಗಿನ ದರ್ಜೆಯ ಬಲೆನೊ ಇರುವವರು. ಬಲೆನೊದ ಮೇಲಿನ ದರ್ಜೆಗಳಿಗೆ ಕಂಪನಿಯೇ 195/55 ಆರ್16 ಟೈರ್ (ಅಗಲ 195 ಮಿ.ಮೀ., ಮಗ್ಗುಲಿನ ಎತ್ತರ ಅದರ ಶೇ. 55, ವೀಲ್ 16 ಇಂಚು) ಕೊಡುತ್ತದೆ. ಕೆಳಗಿನ ದರ್ಜೆಗಳಿಗೆ 185/65 ಆರ್15. ಮೊದಲನೆಯದರ ಒಟ್ಟು ಎತ್ತರ 620.9 ಮಿ.ಮೀ., ಎರಡನೆಯದರದು 621.5 ಮಿ.ಮೀ. ಆದಕಾರಣ ಸ್ಪೀಡೊಮೀಟರ್ ತಪ್ಪು ತೋರಿಸುವುದಿಲ್ಲ. ತಮ್ಮ ಸ್ವಿಫ್ಟ್‌ನ ಮೂಲ ಟೈರ್ 165/80 ಆರ್14ರ ಎತ್ತರವೂ 619.6 ಮಿ.ಮೀ. ಇರುವುದರಿಂದ ತಮಗೆ ಓಡಿಸುವಾಗ ವ್ಯತ್ಯಾಸ ತಿಳಿದಿರಲಾರದು. ಆದರೆ ಎತ್ತರ ಒಂದೇ ಆದರೂ ಸ್ವಿಫ್ಟ್‌ಗೆ ಕಂಪನಿ ಕೊಟ್ಟಿದ್ದು 15 ಇಂಚಿನವರೆಗೆ ಮಾತ್ರ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ, ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಕಂಪನಿಯೇ ಒಪ್ಪಿದ ಅಳತೆ ತನ್ನ ಕಾರಿಗೆ ಬರುತ್ತದೆಂದು ತಿಳಿದವರು ನೆಮ್ಮದಿಯಿಂದ ಕೊಳ್ಳುತ್ತಾರೆ, ಬೆಲೆಯನ್ನೂ ಅಷ್ಟಾಗಿ ಜಗ್ಗುವುದಿಲ್ಲ.

ವೀಲ್‌ನ ಹಿಂಬದಿಯಲ್ಲಿ ಇಟಿ ಎಂಬ ಅಕ್ಷರಗಳ ಮುಂದೆ ಒಂದು ಸಂಖ್ಯೆ, ಹಾಗೆಯೇ 16x6.5ಜೆ (ಇಂಚಿನಲ್ಲಿ ವ್ಯಾಸ ಮತ್ತು ಅಗಲ) ಎಂಬಂಥ ಬರಹ ಇರುತ್ತದೆ. ಇಟಿ ಸಂಖ್ಯೆ ಕಡಿಮೆಯಾದಷ್ಟೂ ವೀಲ್ ಹೊರಕ್ಕೆ ಬರುತ್ತದೆ. 45ರ ಜಾಗದಲ್ಲಿ 38 ಇದ್ದರೆ 7 ಮಿ.ಮೀ. ಹೊರಕ್ಕೆ. ಈ ಬರಹದ ಚಿತ್ರ, ಒಳಬದಿಯ ಚಿತ್ರ, ಟೈರ್ ತಾರೀಖಿನ ಚಿತ್ರ, ಸರಿಮಾಡಿಸಿದ ಜಾಗದ ಚಿತ್ರ ಇವು ನಾಲ್ಕು ಇರಲಿ. ಸಂಜೆ ಬಿಸಿಲಿನಲ್ಲಿ ಕಾರಿಗೆ ಹಾಕಿ ತೆಗೆದ ಅಂದದ ಚಿತ್ರ ಒಂದು ಸಾಕು. ಕೊಂಡ ಬಿಲ್ಲು ಇದ್ದರೆ ತೋರಿಸಿ; ಕದ್ದ ಮಾಲಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಮಾರುವ ಮುನ್ನ ಮಹಡಿಯ ಮೇಲಿನ ಡಿಸ್ಕ್‌ಗಳನ್ನು ಕೆಳಗಿಳಿಸಿ ನೋಡಿ. ನಾಲ್ಕು ಬೇಸಿಗೆಯ ಬಿಸಿಲಿನ ಕಾವಿಗೆ ಅವುಗಳ ಮೇಲಿರುವ ಹಳೆಯ ಟೈರ್‌ಗಳ ಮಗ್ಗುಲು ಬಿರಿದಿರಬಹುದು. ಹಾಗಾಗಿದ್ದರೆ ಎಕ್ಸ್‌ಚೇಂಜ್‌ನವರು ಕಾರಿನ ಬೆಲೆಯಲ್ಲಿಯೇ ಟೈರ್‌ಗೆಂದು ಕಡಿತ ಮಾಡುತ್ತಾರೆ, ಆಗ ಅಲಾಯ್ ಮಾರಿ ಬಂದದ್ದು ಅಲ್ಲಿಗೆ ಹೋಗುತ್ತದೆ. ಹಿಂದೆ ಬಿಚ್ಚಿದ ನಟ್‌ಗಳನ್ನು ಅಂಗಡಿಯವರು ವಾಪಸು ಕೊಟ್ಟಿದ್ದರೇ ಎಂಬುದನ್ನೂ ಹುಡುಕಿ. ವಿಮೆಯಲ್ಲಿ ಅಲಾಯ್‌ಗಳನ್ನು ಹೆಚ್ಚುವರಿ ಸಾಮಗ್ರಿ ಎಂದು ಸೇರಿಸಿ ಪ್ರೀಮಿಯಂ ಕಟ್ಟುತ್ತಿದ್ದರೆ, ಬಿಚ್ಚಿದ ಮೇಲೆ ಕಂಪನಿಗೆ ತಿಳಿಸಿ. ಸ್ವಂತಕ್ಕೆ ಬಳಸಿದ ವಸ್ತುವನ್ನು ವ್ಯಾಪಾರಿಯಲ್ಲದವರು ಮಾರಿದಾಗ ಜಿಎಸ್‌ಟಿಯ ಪ್ರಶ್ನೆ ಬರುವುದಿಲ್ಲ.

ಪ್ರಶ್ನೆ: ಇಂಥದೇ ಒಂದು ಸೆಟ್ಟನ್ನು ಎರಡು ವಾರದ ಹಿಂದೆ ಮದ್ದೂರಿನವರೊಬ್ಬರಿಗೆ ಮಾರಿದೆ. ಅವರದು ಹೋಂಡಾ ಸಿಟಿ, ನನ್ನದು ಮಾರುತಿ. ನನ್ನ ಕಾರಿನಲ್ಲಿ ಯಾವ ತೊಂದರೆಯೂ ಇರಲಿಲ್ಲ. ಈಗ ಅವರು ಹೆದ್ದಾರಿಯಲ್ಲಿ 80 ಕಿ.ಮೀ. ವೇಗ ದಾಟಿದರೆ ಸ್ಟೀರಿಂಗ್ ನಡುಗುತ್ತದೆ, ಹಣ ವಾಪಸು ಕೊಡಿ ಎನ್ನುತ್ತಿದ್ದಾರೆ. ಕೊಡಬೇಕಾದ ಹೊಣೆ ನನ್ನದೇ?
— ಓದುಗರು, ಗುತ್ತಲು ರಸ್ತೆ, ಮಂಡ್ಯ

ಉತ್ತರ: ಹಣದ ಮಾತಿಗೆ ಮುಂಚೆ ಅವರನ್ನು ಇಂದೇ ಫೋನಿನಲ್ಲಿ ಹಿಡಿದು, ನಟ್‌ಗಳನ್ನು ನೋಡಿಸುವವರೆಗೆ ಆ ಕಾರನ್ನು ಹೆದ್ದಾರಿಗೆ ತೆಗೆಯಬೇಡಿ ಎಂದು ಹೇಳಿ. ತಾವು ವೀಲ್‌ಗಳ ಜೊತೆಗೆ ತಮ್ಮ ನಟ್‌ಗಳನ್ನೂ ಕೊಟ್ಟಿದ್ದೀರೆಂದು ನಮಗೆ ಅನುಮಾನ. ಮಾರುತಿ ಕಾರಿನ ಬೋಲ್ಟ್‌ನ ಮರೆಯ (ತಿರುಪಿನ ಸುತ್ತುಗೆರೆಗಳ) ಅಂತರ 1.25 ಮಿ.ಮೀ., ಹೋಂಡಾದ್ದು 1.5 ಮಿ.ಮೀ.; ಎರಡೂ 12 ಮಿ.ಮೀ. ದಪ್ಪವೇ ಆದ್ದರಿಂದ ಒಂದರ ನಟ್ ಇನ್ನೊಂದಕ್ಕೆ ಒಂದೆರಡು ಸುತ್ತು ಹತ್ತುತ್ತದೆ, ಆಮೇಲೆ ಏರ್ ಗನ್ ಹಿಡಿದು ಬಿಗಿದರೆ ಮರೆ ಕಿತ್ತುಹೋಗುತ್ತದೆ. ಹೋಂಡಾದ ಸ್ವಂತ ನಟ್‌ಗಳನ್ನೇ ಹಾಕಿದ್ದರೂ ಸರಿಯಾಗುವುದಿಲ್ಲ. ಅವುಗಳ ಬುಡ ಗೋಲಿಯಂತೆ ಗುಂಡಗೆ, ಹೊರಗಿನ ಅಲಾಯ್‌ಗಳ ರಂಧ್ರ ಸಾಮಾನ್ಯವಾಗಿ ಶಂಕುವಿನ ಆಕಾರದಲ್ಲಿರುತ್ತದೆ. ಗುಂಡಗಿನ ಬುಡ ಶಂಕುವಿನಲ್ಲಿ ಪೂರ್ತಿ ಕೂರದೆ ಒಂದು ಗೆರೆಯ ಮೇಲಷ್ಟೇ ನಿಲ್ಲುತ್ತದೆ, ಓಡುತ್ತ ಓಡುತ್ತ ಸಡಿಲಾಗುತ್ತದೆ. ಅವರಿಗೆ ಬೇಕಾದದ್ದು 1.5ರ ಮರೆಯ, ಶಂಕು ಬುಡದ ಹೊಸ ನಟ್‌ಗಳು.

ಎರಡನೆಯ ಕಾರಣ ಉಂಗುರ. ಹೊರಗಿನ ಅಲಾಯ್‌ಗಳ ನಡುವಿನ ದೊಡ್ಡ ರಂಧ್ರವನ್ನು ಹಲವು ಕಾರುಗಳಿಗೆ ಆಗಲೆಂದು ದೊಡ್ಡದಾಗಿಯೇ ಮಾಡಿರುತ್ತಾರೆ, ಒಳಗೆ ಪ್ಲಾಸ್ಟಿಕ್ಕಿನದೋ ಅಲ್ಯೂಮಿನಿಯಂನದೋ ಉಂಗುರ ಕೂರಿಸಿ ಕಾರಿನ ಹಬ್‌ಗೆ, ಎಂದರೆ ವೀಲ್ ಕೂರುವ ನಡುವಿನ ಗುಂಡನೆಯ ಭಾಗಕ್ಕೆ, ಸರಿಹೊಂದಿಸುತ್ತಾರೆ. ಮಾರುತಿಯ ಹಬ್‌ನ ವ್ಯಾಸ 54.1 ಮಿ.ಮೀ., ಹೋಂಡಾ ಸಿಟಿಯದು 56.1 ಮಿ.ಮೀ. ತಮ್ಮ ಉಂಗುರ ಅವರ ಹಬ್‌ಗೆ ಹತ್ತಿರಲಾರದು. ಅಂಗಡಿಯವರು ಅದನ್ನು ಕಿತ್ತೆಸೆದು ವೀಲ್ ಬಿಗಿದು ಕಳಿಸಿರಬೇಕು. ಉಂಗುರವಿಲ್ಲದ ವೀಲ್ ಹಬ್‌ನ ಮಧ್ಯಕ್ಕೆ ಕೂರದೆ ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತದೆ, ಊರೊಳಗೆ ಗೊತ್ತಾಗದೆ 80ರ ಮೇಲೆ ನಡುಕವಾಗಿ ಕಾಣಿಸಿಕೊಳ್ಳುತ್ತದೆ. ತಮ್ಮ ಕಾರಿನಲ್ಲಿ ತೊಂದರೆಯಿರಲಿಲ್ಲ ಎಂಬ ತಮ್ಮ ಮಾತೂ, ಈಗ ನಡುಗುತ್ತದೆ ಎಂಬ ಅವರ ಮಾತೂ ಹೀಗೆ ಏಕಕಾಲಕ್ಕೆ ನಿಜವಾಗಿರಬಹುದು. ಹಬ್‌ಗೆ ತಕ್ಕ ನಾಲ್ಕು ಉಂಗುರ, ಸರಿಯಾದ ನಟ್‌ಗಳು, ಹೊಸದಾಗಿ ಬ್ಯಾಲೆನ್ಸಿಂಗ್, 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿಸುವುದು: ಇಷ್ಟಾದ ಮೇಲೂ ನಡುಗಿದರೆ ಆಗ ವೀಲ್‌ನ ಬೆಂಡಿನ ಬಗ್ಗೆ ಯೋಚಿಸಬೇಕು.

ಕಾನೂನಿನ ಹೊಣೆಯ ವಿಷಯ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ವ್ಯಾಪಾರಿಯಲ್ಲದ ಒಬ್ಬರು ಇನ್ನೊಬ್ಬರಿಗೆ ಕಣ್ಣೆದುರು ತೋರಿಸಿ ಮಾರಿದ ಹಳೆಯ ವಸ್ತುವಿನ ಗುಣಮಟ್ಟಕ್ಕೆ, ತಾವಾಗಿ ಭರವಸೆ ಕೊಟ್ಟಿಲ್ಲದಿದ್ದರೆ, ಸಾಮಾನ್ಯವಾಗಿ ಮಾರಿದವರು ಹೊಣೆಯಲ್ಲ; ನೋಡಿ ಕೊಳ್ಳುವುದು ಕೊಳ್ಳುವವರ ಕೆಲಸ. ಆದರೆ ಗೊತ್ತಿದ್ದ ದೋಷವನ್ನು ಬೇಕೆಂದೇ ಮುಚ್ಚಿಟ್ಟು ವಂಚಿಸಿದ್ದರೆ, ಅಥವಾ ‘ನಿಮ್ಮ ಸಿಟಿಗೆ ಹಾಗೇ ಕೂರುತ್ತದೆ’ ಎಂದು ಹೇಳಿ ಅದನ್ನು ನಂಬಿ ಅವರು ಕೊಂಡಿದ್ದರೆ, ಮಾತು ಬೇರೆ. ಆಗ 1872ರ ಕರಾರು ಕಾಯ್ದೆಯಡಿ ವ್ಯವಹಾರವನ್ನೇ ರದ್ದುಪಡಿಸಲು ಅವರಿಗೆ ಅವಕಾಶವಿದೆ. ವಾಟ್ಸಾಪಿನಲ್ಲಿ ತಾವು ಏನು ಬರೆದಿದ್ದೀರೆಂದು ಒಮ್ಮೆ ಹಿಂದಕ್ಕೆ ಹೋಗಿ ಓದಿಕೊಳ್ಳಿ. ಯಾವುದೇ ಭರವಸೆ ಕೊಟ್ಟಿರದಿದ್ದರೂ ಉಂಗುರ ಮತ್ತು ನಟ್‌ಗಳ ಖರ್ಚಿನಲ್ಲಿ ಅರ್ಧವನ್ನು ತಾವು ಕೊಟ್ಟು ಮುಗಿಸುವುದು ಒಳ್ಳೆಯದೆಂಬುದು ನಮ್ಮ ಸಲಹೆ. ಮಂಡ್ಯಕ್ಕೂ ಮದ್ದೂರಿಗೂ ನಡುವೆ ಎಷ್ಟು ದೂರ? ನಾಳೆ ಮದುವೆ ಮನೆಯಲ್ಲಿ ಎದುರಾಗುವವರ ಜೊತೆ ಎರಡು ಸಾವಿರ ರೂಪಾಯಿಗೆ ಜಗಳ ಬೇಡ.

ಪ್ರಶ್ನೆ: ನನ್ನ ಅಲಾಯ್‌ಗಳ ಜಾಹೀರಾತು ನೋಡಿ, ತಾನು ಸೈನ್ಯದಲ್ಲಿದ್ದೇನೆ, ಮೈಸೂರಿಗೆ ವರ್ಗವಾಗಿ ಬರುತ್ತಿದ್ದೇನೆ ಎಂದ ಒಬ್ಬರು ಚೌಕಾಸಿಯನ್ನೇ ಮಾಡದೆ ಒಪ್ಪಿಕೊಂಡರು. ಗಾಡಿ ಕಳಿಸಿ ತರಿಸಿಕೊಳ್ಳುತ್ತಾರಂತೆ. ಹಣಕ್ಕಾಗಿ ಕ್ಯೂಆರ್ ಕೋಡ್ ಕಳಿಸಿದ್ದಾರೆ, ಸ್ಕ್ಯಾನ್ ಮಾಡಿ ಪಿನ್ ಹಾಕಬೇಕಂತೆ. ಮಾಡಬಹುದೇ?
— ಓದುಗರು, ಬನ್ನಿಮಂಟಪ, ಮೈಸೂರು

ಉತ್ತರ: ಖಂಡಿತ ಬೇಡ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು. ಪಡೆಯಲು ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಸೈನಿಕರ ವೇಷದ ಈ ಮೋಸ ಹಳೆಯದು, ಸಮವಸ್ತ್ರದ ಚಿತ್ರ, ಗುರುತಿನ ಚೀಟಿಯ ಪ್ರತಿ ಎಲ್ಲವನ್ನೂ ಕಳಿಸುತ್ತಾರೆ. ನಾಲ್ಕು ಚಕ್ರ ಕೊಳ್ಳುವವರು ಅವನ್ನು ನೋಡದೆ, ಪಿಸಿಡಿ ಎಷ್ಟೆಂದು ಕೇಳದೆ, ನೂರು ರೂಪಾಯಿಯನ್ನೂ ಇಳಿಸದೆ ಒಪ್ಪಿಕೊಂಡರೆಂಬುದರಲ್ಲಿಯೇ ತಮಗೆ ಸಂಶಯ ಬರಬೇಕಿತ್ತು. ಈಗಾಗಲೇ ಪಿನ್ ಹಾಕಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ. ಮುಂದೆ ಬರುವ ಗಿರಾಕಿಗಳನ್ನು ಮನೆಗೆ ಕರೆಯುವ ಬದಲು ಹಗಲು ಹೊತ್ತಿನಲ್ಲಿ ಟೈರ್ ಅಂಗಡಿಗೆ ಬರಹೇಳಿ. ಅಲ್ಲಿಯೇ ತಮ್ಮ ವೀಲನ್ನು ಅವರ ಕಾರಿಗೆ ಕೂರಿಸಿ ನೋಡಬಹುದು, ಹಣ ಖಾತೆಗೆ ಬಿದ್ದದ್ದನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿಕೊಂಡೇ ನಟ್ ಬಿಗಿಸಬಹುದು. ಎದುರಿಗಿದ್ದವರ ಮೊಬೈಲಿನಲ್ಲಿ ತೋರಿಸುವ ‘ಹಣ ಸಂದಾಯವಾಗಿದೆ’ ಎಂಬ ಚಿತ್ರವನ್ನು ನಂಬಬೇಡಿ.

ಪ್ರಶ್ನೆ: ಅಲಾಯ್ ಹಾಕಿಸಿದ ಮೇಲೆ ಹಳೆಯ ಸ್ಟೀಲ್ ಡಿಸ್ಕ್‌ಗಳನ್ನು ಮಾರಿಬಿಡಬಹುದೇ? ಮನೆಯಲ್ಲಿ ಜಾಗವಿಲ್ಲ.
— ಓದುಗರು, ಪಾಂಡವಪುರ

ಉತ್ತರ: ಸ್ಟೆಪ್ನಿಯನ್ನು ಬಿಟ್ಟು ಉಳಿದ ನಾಲ್ಕನ್ನು ಮಾರುವುದಕ್ಕೆ ಅಡ್ಡಿಯಿಲ್ಲ, ಆದರೆ ನಾವಾದರೆ ಮಾರುವುದಿಲ್ಲ. ಅವಕ್ಕೆ ಬರುವ ಹಣ ಕಡಿಮೆ. ಮುಂದೆ ಕಾರು ಮಾರುವಾಗ ಅವೇ ಇಲ್ಲದಿದ್ದರೆ ಅಲಾಯ್‌ಗಳನ್ನು ಪ್ರತ್ಯೇಕವಾಗಿ ಮಾರಲು ಸಾಧ್ಯವಾಗದೆ ಕಾರಿನ ಜೊತೆಯಲ್ಲಿಯೇ ಬಿಟ್ಟುಕೊಡಬೇಕಾಗುತ್ತದೆ. ಟೈರ್‌ಗಳನ್ನು ಮಾತ್ರ ಬಿಚ್ಚಿಸಿ ಮಾರಿ, ಬರಿಯ ಡಿಸ್ಕ್‌ಗಳನ್ನು ಒಂದರ ಮೇಲೊಂದು ಪೇರಿಸಿ ಮಂಚದ ಕೆಳಗೆ ತಳ್ಳಿದರೆ ಜಾಗದ ತೊಂದರೆ ಅಷ್ಟಾಗಿ ಇರುವುದಿಲ್ಲ. ಸ್ಟೆಪ್ನಿ ಸ್ಟೀಲ್ ಡಿಸ್ಕೇ ಆಗಿದ್ದು ಅಲಾಯ್‌ಗೆ ಹಾಕಿದ ನಟ್ ಅದಕ್ಕೆ ಹೊಂದದಿದ್ದರೆ, ಕಂಪನಿಯ ನಾಲ್ಕು ನಟ್‌ಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಜಾಕ್‌ನ ಜೊತೆ ಡಿಕ್ಕಿಯಲ್ಲಿ ಇಡಿ.